ಮದ್ಯದ ಸನ್ನದು: ನಂಬಿಕೆಯೇನು, ನಿಜವೇನು?

ಸಾಗರದಿಂದ ತಾಳಗುಪ್ಪದ ಮೂಲಕ ಜೋಗಕ್ಕೆ ಹೋಗುವ ದಾರಿಯಲ್ಲಿಯೂ, ಲಿಂಗನಮಕ್ಕಿಯ ಹಿನ್ನೀರು ಹಬ್ಬಿರುವ ಹೊಸನಗರದ ಸೀಮೆಯಲ್ಲಿಯೂ, ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಏರುವ ರಸ್ತೆಯಲ್ಲಿಯೂ ಪ್ರವಾಸಿಗರನ್ನು ನಂಬಿ ಬದುಕುವ ಚಿಕ್ಕ ಹೋಟೆಲುಗಳು, ಲಾಡ್ಜುಗಳು, ಹೋಂಸ್ಟೇಗಳು ಅನೇಕವಾಗಿ ತಲೆಯೆತ್ತಿವೆ. ಬಂದ ಗಿರಾಕಿಗಳಲ್ಲಿ ಕೆಲವರು ಮದ್ಯವನ್ನು ಕೇಳುವುದುಂಟು. ಕೇಳಿದವರನ್ನು ಬರಿಗೈಯಲ್ಲಿ ಕಳುಹಿಸಲಾರದ ಮಾಲೀಕನು ಪಟ್ಟಣ ಪಂಚಾಯಿತಿಗೆ ಒಂದು ಅರ್ಜಿ ಕೊಟ್ಟರೆ ಲೈಸೆನ್ಸು, ಎಂದರೆ ಸನ್ನದು, ದೊರೆತೀತೆಂದು ಎಣಿಸುವುದೂ ಉಂಟು. ಅವನ ನೆರೆಯವರು ಅದನ್ನು ತಡೆಯಬೇಕೆಂದು ಅದೇ ಪಂಚಾಯಿತಿಯ ಬಾಗಿಲಿಗೆ ಹೋಗುತ್ತಾರೆ. ಇಬ್ಬರೂ ತಟ್ಟುತ್ತಿರುವುದು ತಪ್ಪು ಬಾಗಿಲನ್ನು. ಈ ಅಜ್ಞಾನದಿಂದ ಒಬ್ಬನು ತನ್ನ ಅಲ್ಪ ಬಂಡವಾಳವನ್ನು ಕಳೆದುಕೊಳ್ಳುತ್ತಾನೆ, ಮತ್ತೊಬ್ಬನು ಆಕ್ಷೇಪಿಸಬೇಕಾದ ಸಕಾಲವನ್ನು ಕಳೆದುಕೊಳ್ಳುತ್ತಾನೆ. ಆದುದರಿಂದ ಈ ವಿಷಯದಲ್ಲಿ ಬಳಕೆಯಲ್ಲಿರುವ ನಂಬಿಕೆಗಳನ್ನು ಒಂದೊಂದಾಗಿ ಪರಿಶೀಲಿಸುವುದು ಉಚಿತವಾಗಿದೆ.

ತಪ್ಪು ಕಲ್ಪನೆ: ಮದ್ಯ ಮಾರುವ ಲೈಸೆನ್ಸನ್ನು ನಗರಸಭೆ ಅಥವಾ ಪಂಚಾಯಿತಿ ಕೊಡುತ್ತದೆ.

ಸತ್ಯ: ಇಂಗ್ಲೆಂಡಿನಲ್ಲಿ 2003ರ ಕಾಯಿದೆಯ ಪ್ರಕಾರ ಈ ಅಧಿಕಾರವು ಸ್ಥಳೀಯ ಕೌನ್ಸಿಲ್ಲಿಗೆ ಸೇರಿದೆ; ನಮ್ಮಲ್ಲಿ ಹಾಗಿಲ್ಲ. ಮಾದಕ ಪಾನೀಯಗಳ ವಿಷಯವನ್ನು ಸಂವಿಧಾನದ ಏಳನೆಯ ಅನುಸೂಚಿಯು ರಾಜ್ಯಪಟ್ಟಿಯಲ್ಲಿ ಇರಿಸಿದೆ. ಅದಕ್ಕನುಸಾರವಾಗಿ ರಚಿತವಾದ 1965ರ ಕರ್ನಾಟಕ ಅಬಕಾರಿ ಕಾಯಿದೆ, ಅದರಡಿಯಲ್ಲಿ ಹುಟ್ಟಿದ 1967ರ ಸನ್ನದು ಸಾಮಾನ್ಯ ಷರತ್ತುಗಳ ನಿಯಮಗಳು ಮತ್ತು 1968ರ ಮದ್ಯ ಮಾರಾಟದ ನಿಯಮಗಳು, ಈ ಮೂರು ಈ ವ್ಯವಹಾರವನ್ನು ಮುಖ್ಯವಾಗಿ ಆಳುತ್ತವೆ. ಅರ್ಜಿಯು ಅಬಕಾರಿ ಇಲಾಖೆಯ ಮೂಲಕ ಸಾಗಿ ಶಿವಮೊಗ್ಗದ ಜಿಲ್ಲಾಡಳಿತವನ್ನು ಮುಟ್ಟುತ್ತದೆ. ಮಂಜೂರಾತಿಯ ಮೇಲೆ ಅಬಕಾರಿ ಆಯುಕ್ತರ ಹತೋಟಿಯಿದೆ. ಸಾಗರದ ನಗರಸಭೆಯಾಗಲಿ, ಹೊಸನಗರ, ತೀರ್ಥಹಳ್ಳಿ, ಜೋಗ-ಕಾರ್ಗಲ್‌ಗಳ ಪಟ್ಟಣ ಪಂಚಾಯಿತಿಗಳಾಗಲಿ ಕೊಡತಕ್ಕದ್ದು ಕಟ್ಟಡದ ಅನುಮತಿ ಮತ್ತು ವ್ಯಾಪಾರ ಪರವಾನಗಿಗಳನ್ನು ಮಾತ್ರ. ಇವು ಅವಶ್ಯವೇ ಹೌದು. ಆದರೆ ಇವುಗಳಿಂದ ಒಂದು ಬಾಟಲಿಯನ್ನು ಮಾರುವ ಹಕ್ಕೂ ಹುಟ್ಟುವುದಿಲ್ಲ.

ತಪ್ಪು ಕಲ್ಪನೆ: ಶುಲ್ಕ ಕಟ್ಟಲು ಹಣವಿದ್ದರೆ ಹೊಸದಾಗಿ ವೈನ್ ಶಾಪನ್ನೋ ಬಾರನ್ನೋ ತೆರೆಯಬಹುದು.

ಸತ್ಯ: ಬಾಟಲಿಯನ್ನು ಕಟ್ಟಿಸಿಕೊಂಡು ಹೋಗುವ ಚಿಲ್ಲರೆ ಅಂಗಡಿಯ ಸಿಎಲ್-2 ಮತ್ತು ಬಾರ್ ಅಂಡ್ ರೆಸ್ಟೋರೆಂಟಿನ ಸಿಎಲ್-9 ಎಂಬ ಎರಡು ಬಗೆಯ ಸನ್ನದುಗಳನ್ನು ಹೊಸದಾಗಿ ಕೊಡುವುದನ್ನು ಸರಕಾರವು 1992ರಲ್ಲಿಯೇ ನಿಲ್ಲಿಸಿತು. ಆ ಬಳಿಕ ದಶಕಗಳ ಕಾಲ ಈ ವ್ಯಾಪಾರಕ್ಕೆ ಇಳಿದವರಲ್ಲಿ ಬಹುಮಂದಿ ಹಳೆಯ ಸನ್ನದುದಾರರಿಂದ, ಇಲಾಖೆಯ ಒಪ್ಪಿಗೆ ಪಡೆದು ವರ್ಗಾವಣೆಯ ಶುಲ್ಕ ತೆತ್ತು, ಸನ್ನದನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡವರು. ಹಂಚಿಕೆಯಾಗದೆ ಉಳಿದಿರುವ ಸನ್ನದುಗಳನ್ನು ಎಲೆಕ್ಟ್ರಾನಿಕ್ ಹರಾಜಿನ ಮೂಲಕ ಕೊಡುವ ಯೋಚನೆಯನ್ನು ಸರಕಾರವು 2025-26ರ ಬಜೆಟ್ಟಿನಲ್ಲಿ ಪ್ರಕಟಿಸಿತು. ಆದರೆ ಹರಾಜೆಂದರೆ ಹೆಚ್ಚು ಹಣವುಳ್ಳವನ ಕಣವೆಂಬುದನ್ನು ಸಣ್ಣ ವ್ಯಾಪಾರಿಯು ಮರೆಯಲಾಗದು. ಎಂಎಸ್‌ಐಎಲ್ ಮಳಿಗೆಗಳು ಸರಕಾರಿ ಸಂಸ್ಥೆಯವಾದುದರಿಂದ ಅವುಗಳ ಲೆಕ್ಕವೇ ಬೇರೆ. ವಸತಿಯುಳ್ಳ ಹೋಟೆಲುಗಳಿಗೆ ಸಿಎಲ್-7 ಎಂಬ ದಾರಿಯುಂಟು. ಅದಕ್ಕೆ ಊರಿನ ವರ್ಗಕ್ಕೆ ತಕ್ಕಂತೆ ಗೊತ್ತುಪಡಿಸಿದಷ್ಟು ಕೊಠಡಿಗಳು ಇರಲೇಬೇಕು. ನಾಲ್ಕು ಮೇಜುಗಳ ಊಟದ ಹೋಟೆಲಿಗೆ ಆ ದಾರಿಯು ತೆರೆದಿಲ್ಲ. ಇದನ್ನು ಅರಿಯದೆ ದಲ್ಲಾಳಿಯ ಕೈಗೆ ಮುಂಗಡ ಕೊಟ್ಟವನು ಆ ಹಣದ ಆಸೆಯನ್ನು ಬಿಡಬೇಕಾದೀತು.

ತಪ್ಪು ಕಲ್ಪನೆ: ಒಮ್ಮೆ ಪಡೆದ ಸನ್ನದು ಹೊಲಮನೆಯಂತೆ ಸ್ವಂತದ ಆಸ್ತಿ, ಅದನ್ನು ಲೀಸಿಗೆ ಕೊಡಬಹುದು, ಸರಕಾರವು ಕೇಳುವಂತಿಲ್ಲ.

ಸತ್ಯ: ಕರ್ನಾಟಕದಿಂದಲೇ ಹೊರಟ ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1994ರಲ್ಲಿ ಇದನ್ನು ನಿರ್ಣಯಿಸಿದೆ. ಪಾನೀಯವಾಗಿ ಮದ್ಯದ ವ್ಯಾಪಾರ ಮಾಡುವುದು ಯಾರ ಮೂಲಭೂತ ಹಕ್ಕೂ ಅಲ್ಲ. ರಾಜ್ಯವು ಅದನ್ನು ಪೂರ್ಣವಾಗಿ ನಿಷೇಧಿಸಬಹುದು, ಇಲ್ಲವೆ ಷರತ್ತುಗಳೊಡನೆ ಅನುಮತಿಸಬಹುದು. ಮಾದಕ ಪಾನೀಯಗಳ ಸೇವನೆಯನ್ನು ನಿಷೇಧಿಸಲು ಪ್ರಯತ್ನಿಸಬೇಕೆಂದು ಸಂವಿಧಾನದ 47ನೆಯ ಅನುಚ್ಛೇದವು ರಾಜ್ಯಕ್ಕೆ ನಿರ್ದೇಶಿಸಿರುವುದನ್ನೂ ಇಲ್ಲಿ ನೆನೆಯಬೇಕು. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ಅಂಗಡಿಗಳು ಒಮ್ಮೆಗೇ ಮುಚ್ಚಿದುದು ಈ ಅಧಿಕಾರಕ್ಕೆ ಎಲ್ಲರೂ ಕಂಡ ಪ್ರತ್ಯಕ್ಷ ನಿದರ್ಶನ. ಅಬಕಾರಿ ವರ್ಷವು ಜುಲೈ 1ಕ್ಕೆ ಮೊದಲಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಸನ್ನದು ವರ್ಷವರ್ಷವೂ ನವೀಕರಣಗೊಳ್ಳಬೇಕು. ಅಪ್ಪಣೆಯಿಲ್ಲದೆ ಲೀಸಿಗೆ ಕೊಟ್ಟರೆ ಕರಾರುಪತ್ರವು ಎಷ್ಟೇ ಬಿಗಿಯಾಗಿದ್ದರೂ, ಅಂಗಡಿಯಲ್ಲಿ ನಡೆದುದಕ್ಕೆಲ್ಲ ಉತ್ತರ ಹೇಳಬೇಕಾದವನು ಸನ್ನದಿನಲ್ಲಿ ಹೆಸರುಳ್ಳವನೇ.

ತಪ್ಪು ಕಲ್ಪನೆ: ದೇವಸ್ಥಾನ, ಶಾಲೆಗಳಿಂದ ನಕ್ಷೆಯಲ್ಲಿ ಗೆರೆಯೆಳೆದು ನೂರು ಮೀಟರು ತೋರಿಸಿದರೆ ಸಾಕು, ಹೆದ್ದಾರಿಯ ಬದಿಯಲ್ಲಂತೂ ಎಲ್ಲಿಯೂ ಮದ್ಯದಂಗಡಿ ಇರಕೂಡದು.

ಸತ್ಯ: 1967ರ ನಿಯಮಗಳಲ್ಲಿ ಐದನೆಯದು ಧಾರ್ಮಿಕ ಸಂಸ್ಥೆ, ವಿದ್ಯಾಸಂಸ್ಥೆ, ಆಸ್ಪತ್ರೆ, ಸರಕಾರಿ ಕಚೇರಿ ಮೊದಲಾದವುಗಳಿಂದ 100 ಮೀಟರಿನೊಳಗೆ ಮದ್ಯದಂಗಡಿಗೆ ಸನ್ನದು ಕೊಡಕೂಡದೆನ್ನುತ್ತದೆ, ಪರಿಶಿಷ್ಟ ಜಾತಿ, ಪಂಗಡಗಳ ಜನರೇ ಹೆಚ್ಚಾಗಿರುವ ವಸತಿಪ್ರದೇಶಗಳಿಗೂ ಈ ರಕ್ಷಣೆಯಿದೆ. ಈ ದೂರವನ್ನು ಹಕ್ಕಿ ಹಾರುವ ಲೆಕ್ಕದಲ್ಲಿ ಅಳೆಯುವುದಿಲ್ಲ. ಅಂಗಡಿಯ ಬಾಗಿಲಿನ ನಡುವಿನಿಂದ ಹೊರಟು, ಕಾಲುನಡಿಗೆಯವನು ಸಾಮಾನ್ಯವಾಗಿ ಹಿಡಿಯುವ ಅತಿ ಸಮೀಪದ ದಾರಿಯಲ್ಲಿ ನಡೆದು, ಆ ಸಂಸ್ಥೆಗೆ ಆವರಣದ ಗೋಡೆಯಿದ್ದರೆ ಅದರ ಹತ್ತಿರದ ಗೇಟಿನ ನಡುವಿಗೆ, ಗೋಡೆಯಿಲ್ಲದಿದ್ದರೆ ಕಟ್ಟಡದ ಬಾಗಿಲಿನ ನಡುವಿಗೆ ಅಳೆಯತಕ್ಕದ್ದು. ನಮ್ಮ ಮಲೆನಾಡಿನ ಏರುತಗ್ಗುಗಳಲ್ಲಿ, ಹಳ್ಳವನ್ನು ಸುತ್ತಿ ಹೋಗುವ ದಾರಿಗಳಲ್ಲಿ, ಈ ಭೇದವು ನಿರ್ಣಾಯಕವಾಗಬಲ್ಲದು.

ಹೆದ್ದಾರಿಯ ವಿಷಯ ಸ್ವಲ್ಪ ತೊಡಕಿನದು. ಕುಡಿದು ವಾಹನ ನಡೆಸುವವರಿಂದ ಆಗುವ ಪ್ರಾಣಹಾನಿಯನ್ನು ತಡೆಯುವ ಉದ್ದೇಶದಿಂದ ಸರ್ವೋಚ್ಚ ನ್ಯಾಯಾಲಯವು 2016ರ ಡಿಸೆಂಬರ್ 15ರಂದು ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರಿನೊಳಗೆ ಮದ್ಯ ಮಾರಾಟ ಸಲ್ಲದೆಂದು ಆಜ್ಞಾಪಿಸಿತು. 2017ರ ಮಾರ್ಚ್ 31ರಂದು, 20,000ಕ್ಕೆ ಮೀರದ ಜನಸಂಖ್ಯೆಯ ಊರುಗಳಲ್ಲಿ ಈ ಅಂತರವನ್ನು 220 ಮೀಟರಿಗೆ ಇಳಿಸಿತು. ಅದೇ ವರ್ಷದ ಜುಲೈ ತಿಂಗಳಿನಲ್ಲಿ, ಪೌರಾಡಳಿತದ ಎಲ್ಲೆಯೊಳಗಿನ ಸನ್ನದುಗಳಿಗೆ ಈ ಆಜ್ಞೆ ಅಡ್ಡಿಯಲ್ಲವೆಂದು ಸ್ಪಷ್ಟಪಡಿಸಿತು. ಪಂಚಾಯಿತಿಯ ಯಾವ ಪ್ರದೇಶಗಳಿಗೆ ಈ ವಿನಾಯಿತಿ ಸಲ್ಲಬೇಕೆಂಬುದನ್ನು 2018ರ ಫೆಬ್ರವರಿಯಲ್ಲಿ ರಾಜ್ಯಗಳ ವಿವೇಚನೆಗೆ ಬಿಟ್ಟಿತು. ಆದುದರಿಂದ ಬೆಂಗಳೂರು-ಹೊನ್ನಾವರ ಹೆದ್ದಾರಿಯು ಸಾಗರ ಪಟ್ಟಣವನ್ನು ಹಾಯುವಲ್ಲಿ ಅನ್ವಯಿಸುವ ಮಾತು, ಅದೇ ಹೆದ್ದಾರಿಯು ಗ್ರಾಮಗಳನ್ನು ಹಾಯುವಲ್ಲಿ ಹಾಗೆಯೇ ಅನ್ವಯಿಸದಿರಬಹುದು.

ತಪ್ಪು ಕಲ್ಪನೆ: ನಾವು ಮಾರುವುದಿಲ್ಲ, ಗಿರಾಕಿಯು ತಂದುದನ್ನು ಕುಡಿಯಲು ಜಾಗ ಕೊಟ್ಟರೆ ಅಪರಾಧವೇನು?

ಸತ್ಯ: ಹೆಚ್ಚು ಮಂದಿ ಬಡ ವ್ಯಾಪಾರಿಗಳನ್ನು ನ್ಯಾಯಾಲಯದ ಮೆಟ್ಟಿಲು ಹತ್ತಿಸುವ ನಂಬಿಕೆಗಳಲ್ಲಿ ಇದೊಂದು. ಸಾರ್ವಜನಿಕ ಸ್ಥಳದಲ್ಲಿ ಮದ್ಯ ಸೇವಿಸುವುದನ್ನು ಅಬಕಾರಿ ಕಾಯಿದೆಯ 15-ಎ ಕಲಮು ನಿಷೇಧಿಸುತ್ತದೆ. ಅದಕ್ಕೆ ಸ್ಥಳಾವಕಾಶ ಮಾಡಿಕೊಟ್ಟ ಗೂಡಂಗಡಿ, ಢಾಬಾ, ಚಹದ ಹೋಟೆಲುಗಳವರ ಮೇಲೂ ಮೊಕದ್ದಮೆ ಹೂಡಲಾಗುತ್ತದೆ. ಲೋಟ, ನೀರು, ಕುರುಕಲು ಮಾತ್ರ ಕೊಟ್ಟೆನೆಂಬ ಸಮಾಧಾನ ಅವರನ್ನು ಕಾಯದು. ಹೋಂಸ್ಟೇಯ ಮಾತೂ ಹಾಗೆಯೇ: ಪ್ರವಾಸೋದ್ಯಮ ಇಲಾಖೆಯ ನೋಂದಣಿಯು ಅತಿಥಿಗಳನ್ನು ಇರಿಸಿಕೊಳ್ಳಲು ಕೊಟ್ಟ ಅನುಮತಿಯೇ ಹೊರತು ಅವರಿಗೆ ಮದ್ಯ ಮಾರಲು ಕೊಟ್ಟ ಅನುಮತಿಯಲ್ಲ; ಊಟದ ಬಿಲ್ಲಿನಲ್ಲಿ ಅದರ ಬೆಲೆಯನ್ನು ಅಡಗಿಸಿ ಸೇರಿಸಿದರೂ ಅದು ಮಾರಾಟವೇ.

ತಪ್ಪು ಕಲ್ಪನೆ: ಬಿಯರು, ವೈನುಗಳಿಗೆ ಸನ್ನದು ಬೇಡ, ಗೋವೆಯಿಂದ ಬಿಲ್ಲಿನೊಡನೆ ತಂದ ಮಾಲನ್ನು ಮಾರಬಹುದು.

ಸತ್ಯ: ಕಾಯಿದೆಯ ದೃಷ್ಟಿಯಲ್ಲಿ ಬಿಯರೂ ವೈನೂ ಮದ್ಯವೇ. ಸನ್ನದುದಾರನು ಕೂಡ ತನ್ನ ದಾಸ್ತಾನನ್ನು 2003ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಡಿಪೋದಿಂದ ಕೊಳ್ಳಬೇಕು. ಗೋವೆಯ ಬಿಲ್ಲು ಗೋವೆಯ ಸುಂಕಕ್ಕೆ ಸಾಕ್ಷಿ. ಕರ್ನಾಟಕದ ಸುಂಕ ಸಂದಿತೆಂಬುದಕ್ಕೆ ಅದು ಸಾಕ್ಷಿಯಾಗದು.

ತಪ್ಪು ಕಲ್ಪನೆ: ಹದಿನೆಂಟು ತುಂಬಿದವರಿಗೆಲ್ಲ ಮದ್ಯ ಮಾರಬಹುದು.

ಸತ್ಯ: ಸನ್ನದಿನ ನಿಯಮಗಳಲ್ಲಿರುವ 21 ವರ್ಷದ ಮಿತಿಯನ್ನು 18ಕ್ಕೆ ಇಳಿಸುವ ಕರಡೊಂದು 2023ರ ಜನವರಿಯಲ್ಲಿ ಹೊರಟಿತ್ತು, ಸಾರ್ವಜನಿಕರ ವಿರೋಧದಿಂದ ಸರಕಾರವು ಅದನ್ನು ಹಿಂತೆಗೆದುಕೊಂಡಿತು.

ತಪ್ಪು ಕಲ್ಪನೆ: ಗ್ರಾಮಸಭೆಯು ಬೇಡವೆಂದರೆ ಅಂಗಡಿ ಬರುವುದೇ ಇಲ್ಲ, ಅಥವಾ, ಊರವರು ಏನೆಂದರೂ ಕೇಳುವವರಿಲ್ಲ.

ಸತ್ಯ: ಈ ಎರಡೂ ಅತಿರೇಕಗಳು. ಗ್ರಾಮಸಭೆಯ ನಿರ್ಣಯಕ್ಕೆ ನೈತಿಕ ಬಲವುಂಟು. ಆದರೆ ಸನ್ನದನ್ನು ಮಂಜೂರು ಮಾಡುವ ಅಥವಾ ರದ್ದುಗೊಳಿಸುವ ಅಧಿಕಾರ ಅದರದಲ್ಲ. ಆದುದರಿಂದ ಆ ನಿರ್ಣಯದ ಪ್ರತಿಯನ್ನು, ಶಾಲೆಗೋ ದೇವಸ್ಥಾನಕ್ಕೋ ಕಾಲುದಾರಿಯಲ್ಲಿ ಅಳೆದ ದೂರದ ವಿವರದೊಡನೆ, ಜಿಲ್ಲಾಧಿಕಾರಿಗಳಿಗೂ ಅಬಕಾರಿ ಉಪ ಆಯುಕ್ತರಿಗೂ ಲಿಖಿತವಾಗಿ ಸಲ್ಲಿಸಬೇಕು. ಅಂಗಡಿ ತೆರೆದ ಮೇಲೆ ರಸ್ತೆಗೆ ಅಡ್ಡ ಕುಳಿತು ಕೂಗುವುದಕ್ಕಿಂತ, ಮಂಜೂರಾತಿಗೆ ಮುನ್ನ ಸಲ್ಲಿಸಿದ ಒಂದು ಸಪ್ರಮಾಣವಾದ ಆಕ್ಷೇಪಣೆಯು ಹೆಚ್ಚು ಫಲಕಾರಿ. ಜಿಲ್ಲಾ ಮಟ್ಟದ ಆದೇಶದ ಮೇಲೆ ಅಬಕಾರಿ ಆಯುಕ್ತರಿಗೆ, ಅವರ ಆದೇಶದ ಮೇಲೆ ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗುವ ಅವಕಾಶವನ್ನು ಕಾಯಿದೆಯೇ ಕಲ್ಪಿಸಿದೆ.

ಮದ್ಯದ ವ್ಯಾಪಾರವು ಊರಿಗೆ ಹಿತವೋ ಅಹಿತವೋ ಎಂಬ ಪ್ರಶ್ನೆಗೆ ಪ್ರತಿಯೊಬ್ಬನೂ ತನ್ನ ಮನಸ್ಸಾಕ್ಷಿಯಂತೆ ಉತ್ತರ ಕಂಡುಕೊಳ್ಳಲಿ. ಆದರೆ ಅದನ್ನು ಬೇಡುವವನೂ ತಡೆಯುವವನೂ ವದಂತಿಯನ್ನು ನಂಬಿ ಹೆಜ್ಜೆಯಿಡಬಾರದು. ದಲ್ಲಾಳಿಯ ಕೈಗೆ ಹಣ ಕೊಡುವ ಮುನ್ನ, ಸಾಲ ಮಾಡಿ ಕೊಠಡಿಗಳನ್ನು ಕಟ್ಟಿಸುವ ಮುನ್ನ, ತಾಲ್ಲೂಕಿನ ಅಬಕಾರಿ ನಿರೀಕ್ಷಕರ ಕಚೇರಿಗೆ ಹೋಗಿ ಯಾವ ಸನ್ನದಿಗೆ ಯಾವ ಅರ್ಹತೆ ಬೇಕೆಂಬುದನ್ನು ಲಿಖಿತವಾಗಿ ಕೇಳಿರಿ; ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿಯಲ್ಲಿ ಅರ್ಜಿ ಹಾಕಿರಿ. ಕೈಯಲ್ಲಿ ಸನ್ನದು ಇಲ್ಲದಿರುವಷ್ಟು ಕಾಲ, ಗಿರಾಕಿಯು ಎಷ್ಟೇ ಒತ್ತಾಯಿಸಲಿ, ಇಲ್ಲವೆಂದು ಹೇಳಿಬಿಡಿರಿ.