ಗಡಿ ಅಳೆಯಲು ಬಂದ ವಾರೆನ್

1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಮೈಸೂರು ಸೀಮೆಯ ಪೂರ್ವದ ಗಡಿ ಅಳೆಯುತ್ತ ಎರ್ರಕೊಂಡದ ಗುಡ್ಡಗಳ ಬಳಿ ಬಂದ. ಟಿಪ್ಪು ಮಡಿದ ಮೇಲೆ ರಾಜ್ಯದ ಎಲ್ಲೆ ಹೊಸದಾಗಿ ನಿಗದಿಯಾಗಿತ್ತು. ಅದನ್ನು ನಕ್ಷೆಗಿಳಿಸುವುದು ಅವನ ಕೆಲಸ. ಅಲ್ಲಿ ಅವನ ಕಿವಿಗೆ ಬಿದ್ದದ್ದು, ಈ ನೆಲದಲ್ಲಿ ಚಿನ್ನ ಸಿಗುತ್ತದೆಂಬ ಮಾತು. ತೋರಿಸಿದವರಿಗೆ ಬಹುಮಾನವೆಂದು ಸಾರಿಸಿದ. ಊರವರು ಗಾಡಿಗಳಲ್ಲಿ ಮಣ್ಣು ಹೇರಿಕೊಂಡು ಬಂದು, ಅಕ್ಕಿ ಜಾಲಿಸಿದಂತೆ ಅವನೆದುರೇ ಜಾಲಿಸಿದರು. ತಳದಲ್ಲಿ ಹೊಳೆಯುವ ಕಣಗಳು ಉಳಿದವು. ಸುಮಾರು 56 ಕಿಲೋ ಮಣ್ಣಿಗೆ ಒಂದು ಗ್ರೇನ್, ಅಂದರೆ 65 ಮಿಲಿಗ್ರಾಂ ಚಿನ್ನವೆಂದು ಲೆಕ್ಕ ಹಾಕಲಾಯಿತು. ಮಾರಿಕುಪ್ಪಂನಲ್ಲಿ ಗಂಡಸರು ಗುಂಡಿಗಿಳಿದು ಕಲ್ಲು ತೆಗೆಯುವುದನ್ನೂ ಹೆಂಗಸರು ಅದನ್ನು ಕುಟ್ಟಿ ಪುಡಿಮಾಡುವುದನ್ನೂ ಅವನು ಬರೆದಿಟ್ಟ.

ವಾರೆನ್ ಸಾಮಾನ್ಯ ಸರ್ವೆಯವನಲ್ಲ. ವಿಲಿಯಂ ಲ್ಯಾಂಬ್ಟನ್ ಆರಂಭಿಸಿದ ತ್ರಿಕೋನ ಸರ್ವೆಯಲ್ಲಿ ಪಳಗಿದವನು. ಮುಂದೆ ಮದರಾಸಿನ ವೀಕ್ಷಣಾಲಯ ನೋಡಿಕೊಂಡ. ನಮ್ಮ ಪಂಚಾಂಗ ಪದ್ಧತಿಗಳನ್ನು ಕುರಿತ ಅವನ ‘ಕಾಲ ಸಂಕಲಿತ’ 1825ರಲ್ಲಿ ಅಚ್ಚಾಯಿತು.

ಆ ತ್ರಿಕೋನ ಸರ್ವೆಯಲ್ಲಿ ನೆಲದ ಮೇಲೆ ಮೊದಲಿಗೆ ಅಳೆಯುವುದು ಒಂದೇ ಗೆರೆ, ಅದೂ 100 ಅಡಿಯ ಉಕ್ಕಿನ ಸರಪಳಿಯಿಂದ. ಬಿಸಿಲಿಗೆ ಸರಪಳಿ ಎಷ್ಟು ಹಿಗ್ಗಿತೆಂದು ತಿಳಿಯಲು ಪಕ್ಕದಲ್ಲೇ ಉಷ್ಣಮಾಪಕ. ಗೆರೆಯ ಎರಡೂ ತುದಿಗಳಿಂದ ದೂರದ ಬೆಟ್ಟದ ನೆತ್ತಿಯ ಬಾವುಟಕ್ಕೆ ಥಿಯೋಡೊಲೈಟ್ ಎಂಬ ಕೋನಮಾಪಕ ಹಿಡಿದು ಕೋನ ನೋಡಿದರೆ, ಉಳಿದೆರಡು ಭುಜಗಳ ಉದ್ದ ಲೆಕ್ಕದಲ್ಲೇ ಸಿಗುತ್ತದೆ. ಆ ಭುಜದ ಮೇಲೆ ಮತ್ತೊಂದು ತ್ರಿಕೋನ. ಹೀಗೆ ಮದರಾಸಿನಿಂದ ಬೆಟ್ಟದಿಂದ ಬೆಟ್ಟಕ್ಕೆ ಲೆಕ್ಕ ಸಾಗಿತು. 1804ರಲ್ಲಿ ವಾರೆನ್ ಬೆಂಗಳೂರಿನಲ್ಲಿ ಏಳು ಮೈಲಿಗೂ ಮೀರಿದ ಗೆರೆಯನ್ನು ನೆಲದ ಮೇಲೆಯೇ ಅಳೆದು ಆ ಲೆಕ್ಕದೊಂದಿಗೆ ತಾಳೆ ನೋಡಿದಾಗ ಬಂದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ.

ಚಿನ್ನದ ಬಗ್ಗೆ ವಾರೆನ್ ಬರೆದ ವರದಿಯನ್ನು 1871ರಲ್ಲಿ ಓದಿದ ಲಾವೆಲ್ ಎಂಬಾತ ಚಿನ್ನ ಅರಸಿ ಕೋಲಾರಕ್ಕೆ ಬಂದ. 1880ರಲ್ಲಿ ಗಣಿ ನಡೆಸಲು ಜಾನ್ ಟೇಲರ್ ಕಂಪನಿ ಬಂತು. ಗಣಿ ಮೂರು ಕಿಲೋಮೀಟರಿಗೂ ಆಳಕ್ಕಿಳಿಯಿತು. ಭೂಮಿಯ ಒಡಲ ಕಾವಿಗೆ ಅಲ್ಲಿನ ಬಂಡೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಕೆಲಸ ನಡೆಯಬೇಕಾದರೆ ತಂಪು ಗಾಳಿಯನ್ನು ಕೆಳಕ್ಕೆ ಹಾಯಿಸಬೇಕಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ವಾರೆನ್ ಹೆಸರು ಚರಿತ್ರೆಯಲ್ಲಿದೆ. ಅವನಿಗೆ ನೆಲದ ಗುಟ್ಟು ಹೇಳಿಕೊಟ್ಟವರು ಬರೀ ‘ಊರವರು’. ಚಿನ್ನದ ಶೋಧದಲ್ಲಿ ಅವರಿಗೂ ಪಾಲಿದೆ ಎಂದು ನಮ್ಮ ಮಕ್ಕಳಿಗೆ ಹೇಳಬೇಕು. ವಾರೆನ್‌ನ ಅಳತೆಯ ವಿದ್ಯೆಯನ್ನೂ ಕಲಿಸಬೇಕು: ಅಂತರಗಂಗೆ ಬೆಟ್ಟವನ್ನೋ ಆವಣಿ ಬೆಟ್ಟವನ್ನೋ ಹತ್ತಿಸಿ, ಎದುರಿನ ಎರಡು ಬೆಟ್ಟಗಳನ್ನು ತೋರಿಸಿ ತ್ರಿಕೋನದ ಪಾಠ ಮಾಡಬೇಕು. ಕೋಲಾರ ಜಿಲ್ಲೆಯ ಗುಡ್ಡಗಳು ಒಂದೊಂದಾಗಿ ಕ್ವಾರಿಗಳಲ್ಲಿ ಕರಗುತ್ತಿವೆ. ಕೋನ ಹಿಡಿಯಲು ಬೆಟ್ಟಗಳು ಇರುವಾಗಲೇ ಈ ಪಾಠ ನಡೆಯಲಿ.