ಹಳೆಯ ಸ್ಕೂಬಾ ಸಿಲಿಂಡರ್: ಹೊರಗಲ್ಲ, ಒಳಗೆ ನೋಡಿ

ವಿಶಾಖಪಟ್ಟಣದ ಋಷಿಕೊಂಡದಲ್ಲಿ ಡೈವಿಂಗ್ ಕಲಿತವರಿಗೆ ಹಳೆಯ ಸ್ಟೀಲ್ ಸಿಲಿಂಡರ್ ಅಗ್ಗಕ್ಕೆ ಸಿಕ್ಕರೆ ಮೊದಲು ಕಣ್ಣು ಹೋಗುವುದು ಬಣ್ಣದ ಮೇಲೆ. ಹೊಸದಾಗಿ ಬಳಿದಿದ್ದರೆ ಅನುಮಾನವೇ ಹೆಚ್ಚಬೇಕು. ಸ್ಟೀಲ್‌ಗೆ ದೊಡ್ಡ ಶತ್ರು ಒಳಗಿನ ತುಕ್ಕು: ಒಂದಿಷ್ಟು ಉಪ್ಪುನೀರು ಒಳಸೇರಿದರೆ ಸಾಕು, 200 ಬಾರ್ ಒತ್ತಡದ ಗಾಳಿಯಲ್ಲಿರುವ ಆಮ್ಲಜನಕ ಉಳಿದ ಕೆಲಸ ಮುಗಿಸುತ್ತದೆ. ಗಾಳಿ ಪೂರ್ತಿ ಖಾಲಿಯಾದ ಮೇಲೆ, ತಿಳಿದವರಿಂದ ವಾಲ್ವ್ ಬಿಚ್ಚಿಸಿ, ಒಳಗೆ ಬೆಳಕು ಹಾಯಿಸಿ ನೋಡಿ. ತೆಳು ತುಕ್ಕನ್ನು ತೆಗೆಸಬಹುದು. ಆಳವಾದ ಗುಳಿ ಬಿದ್ದಿದ್ದರೆ ಬಿಟ್ಟುಬಿಡಿ.

‘ಹೈಡ್ರೋ ಟೆಸ್ಟ್ ಮುದ್ರೆ ಇದೆಯಲ್ಲ?’ ಎನ್ನಬಹುದು. ಅದು ಪರೀಕ್ಷೆಯ ದಿನದ ಬಲವನ್ನಷ್ಟೇ ಹೇಳುತ್ತದೆ. ವಿಜಯವಾಡದಲ್ಲಿ ಓಡುವ ಸಿಎನ್‌ಜಿ ಆಟೋದ ಸಿಲಿಂಡರಿಗೂ 3 ವರ್ಷಕ್ಕೊಮ್ಮೆ ಈ ಪರೀಕ್ಷೆ ಕಡ್ಡಾಯ. ಅದಂತೂ ಸಮುದ್ರಕ್ಕೆ ಇಳಿಯುವುದೇ ಇಲ್ಲ! ಪರೀಕ್ಷೆಯ ಅವಧಿ ಮೀರಿದ ಸಿಲಿಂಡರ್ ತುಂಬಿಸುವುದನ್ನು 2016ರ ಗ್ಯಾಸ್ ಸಿಲಿಂಡರ್ ನಿಯಮಗಳು ಒಪ್ಪುವುದಿಲ್ಲ. ಹಾಗಾಗಿ ಹೊಸ ಪರೀಕ್ಷೆಯ ಖರ್ಚನ್ನು ಬೆಲೆಯಿಂದ ಕಳೆದೇ ಚೌಕಾಸಿಗೆ ಕೂರಿ.