ಕೈ ಕಾಣದಿದ್ದರೇನು ಸ್ವಾಮಿ, ಕಿವಿ ಇಲ್ಲವೇ?

ರಾಜ್ಯೋತ್ಸವ ಹತ್ತಿರ ಬಂತೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿನ ಶಾಲೆಗಳಲ್ಲಿ ಸಮೂಹಗಾನದ ತಾಲೀಮು ಶುರುವಾಗುತ್ತದೆ. ಕೆಲವು ವರ್ಷದ ಹಿಂದೆ ಇಂಥದೊಂದು ತಾಲೀಮು ನೋಡಲು ನಾನೂ ಹೋಗಿದ್ದೆ. ಯಾವ ಊರು, ಯಾವ ಶಾಲೆ ಅಂತ ಕೇಳಬೇಡಿ. ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು. ಕಣ್ಣು ಕಾಣದ ಹುಡುಗನೊಬ್ಬ ಮಾತ್ರ ಹಾರ್ಮೋನಿಯಂ ಪೆಟ್ಟಿಗೆಯ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದ.

‘ಇವನ್ಯಾಕೆ ಸಾಲಲ್ಲಿಲ್ಲ ಮೇಷ್ಟ್ರೇ?’ ಅಂದೆ.

‘ಚೆನ್ನಾಗೇ ಹಾಡ್ತಾನೆ ಸಾರ್. ಆದ್ರೆ ನಾನು ಕೈ ಎತ್ತೋದು ಇವನಿಗೆ ಹೆಂಗೆ ಕಾಣುತ್ತೆ? ಒಂದು ಗಳಿಗೆ ಮುಂಚೆ ಬಾಯಿ ಬಿಟ್ರೆ ಪೂರ್ತಿ ಕೆಟ್ಟೋಗುತ್ತೆ.’

ಮೇಷ್ಟ್ರು ಕೆಟ್ಟ ಮನುಷ್ಯರೇನಲ್ಲ. ಬಹುಮಾನ ಬರಬೇಕು, ಹೆಡ್ಮಾಸ್ಟರಿಗೆ ಉತ್ತರ ಕೊಡಬೇಕು. ಆದರೆ ಅವರು ಕೇಳಿದ ಪ್ರಶ್ನೆಗೆ ಗದುಗಿನವರು ನೂರು ವರ್ಷದಿಂದ ಉತ್ತರ ಹೇಳುತ್ತಲೇ ಇದ್ದಾರೆ. ನಮ್ಮ ಕಡೆ ಅದನ್ನು ಕಿವಿಗೆ ಹಾಕಿಕೊಂಡವರು ಕಡಿಮೆ.

ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳಿಗೆ ಹುಟ್ಟಿನಿಂದಲೇ ದೃಷ್ಟಿಯಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಕೈಹಿಡಿದರು. ಗವಾಯಿಗಳು ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತ ಕಲಿತರು, ಹಿಂದೂಸ್ತಾನಿಯನ್ನೂ ಕಲಿತರು. ಕಲಿತದ್ದನ್ನು ಅರಮನೆ ಕಚೇರಿಗೆ ಮಾರಿಕೊಳ್ಳಲಿಲ್ಲ. ಅಂಧ, ಅನಾಥ ಹುಡುಗರನ್ನು ಕಟ್ಟಿಕೊಂಡು ಊರಿಂದೂರಿಗೆ ತಿರುಗುವ ಸಂಗೀತ ಶಾಲೆ ನಡೆಸಿದರು. ಕಡೆಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಆ ಶಾಲೆ ನೆಲೆ ನಿಂತಿತು. 1995ರಲ್ಲಿ ಇವರ ಮೇಲೆ ಸಿನಿಮಾ ಬಂತಲ್ಲ, ಹಂಸಲೇಖ ಅವರ ಸಂಗೀತಕ್ಕೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಹಾಡಿಗೂ ರಾಷ್ಟ್ರಪ್ರಶಸ್ತಿ ತಂದುಕೊಟ್ಟದ್ದು, ಅದು ಇದೇ ಕಥೆ.

ನಾನು ಹೇಳಹೊರಟದ್ದು ಅವರ ಶಿಷ್ಯನ ವಿಷಯ.

1944ರಲ್ಲಿ ಗುರುಗಳು ತೀರಿಕೊಂಡಾಗ ಪುಟ್ಟರಾಜ ಗವಾಯಿಗಳಿಗೆ ಬರೀ 30 ವರ್ಷ. ಇವರೂ ಹಸುಗೂಸಾಗಿದ್ದಾಗಲೇ ಕಣ್ಣು ಕಳಕೊಂಡವರು. ಎದುರಿಗೆ ಹಸಿದ ಹುಡುಗರ ಪಂಕ್ತಿ. ಇಂದಿನ ಕಾಲದಲ್ಲಿ 30 ವರ್ಷದ ಸಂಗೀತಗಾರನಿಗೆ ಇದನ್ನು ವಹಿಸಿದ್ದರೆ ಮೊದಲು ಕಮಿಟಿ ಮಾಡುತ್ತಿದ್ದ, ಆಮೇಲೆ ರಸೀದಿ ಪುಸ್ತಕ ಅಚ್ಚು ಹಾಕಿಸುತ್ತಿದ್ದ. ಪುಟ್ಟರಾಜರು ಹಾರ್ಮೋನಿಯಂ ಮುಂದೆ ಕೂತರು. ನಾಟಕ ಬರೆದರು, ಅದಕ್ಕೆ ರಾಗ ಹಾಕಿದರು, ಆಶ್ರಮದ ನಾಟಕ ಕಂಪನಿಯನ್ನು ಊರೂರಿಗೆ ಹೊರಡಿಸಿದರು. ಗೇಟ್ ಕಲೆಕ್ಷನ್ ಬಂದರೆ ಆಶ್ರಮದ ಒಲೆ ಉರಿಯಬೇಕು, ಅಂಥ ಲೆಕ್ಕ. ಮುಂದೆ ಭಕ್ತರು ತುಲಾಭಾರಕ್ಕೆ ಸುರಿದ ನಾಣ್ಯವೂ ಅದೇ ಒಲೆಗೆ ಹೋಯಿತು. ತಬಲಾ, ಪಿಟೀಲು, ಸಾರಂಗಿ ಯಾವುದು ಕೊಟ್ಟರೂ ನುಡಿಸುತ್ತಿದ್ದರು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಬರೆದರು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರ್ 17ರಂದು ತೀರಿಕೊಂಡರು.

ಅಲ್ಲಿ ಕಣ್ಣಿಲ್ಲದವರಷ್ಟೇ ಕಲಿತರೆಂದು ತಿಳಿಯಬೇಡಿ. ಬಸವರಾಜ ರಾಜಗುರು ಕಲಿತದ್ದು ಪಂಚಾಕ್ಷರ ಗವಾಯಿಗಳ ಬಳಿ. ಇಂದು ದೇಶವೆಲ್ಲ ಕೇಳುವ ವೆಂಕಟೇಶ ಕುಮಾರ್ ಹುಡುಗನಾಗಿದ್ದಾಗ ಬಂದು ವರ್ಷಗಟ್ಟಲೆ ಇದ್ದದ್ದು ಪುಟ್ಟರಾಜರ ಆಶ್ರಮದಲ್ಲೇ. ಕಾಣುವವನು, ಕಾಣದವನು ಅಕ್ಕಪಕ್ಕ ಕೂತರು. ಪಾಠ ಹೇಳುವವರಿಗೇ ಕಣ್ಣಿಲ್ಲದಿದ್ದ ಮೇಲೆ ‘ಇವನಿಗೆ ಕೈ ಕಾಣಲ್ಲ’ ಅನ್ನುವ ಮಾತು ಹುಟ್ಟುವುದಾದರೂ ಎಲ್ಲಿಂದ?

ಹಾಗಾದರೆ ಒಟ್ಟಿಗೆ ಎತ್ತಿಕೊಳ್ಳುವುದು ಹೇಗೆ? ನಮ್ಮ ಸಂಗೀತದಲ್ಲಿ ತಾಳ ಅನ್ನುವುದು ಕಣ್ಣಿಗಿಂತ ಕಿವಿಗೆ ಸೇರಿದ್ದು. ಶ್ರುತಿ ನಿಂತಿರುತ್ತದೆ, ತಬಲಾದ ಠೇಕಾ ಸುತ್ತು ಹಾಕಿ ಸಮಕ್ಕೆ ಬರುತ್ತದೆ, ಅಲ್ಲಿ ಎಲ್ಲರೂ ಹಾಡು ಹಿಡಿಯುತ್ತಾರೆ. ತೊಡೆ ತಟ್ಟಿದ ಸದ್ದು, ಪಕ್ಕದವನು ಉಸಿರು ಎಳೆದುಕೊಂಡ ಸದ್ದು, ಇಷ್ಟು ಸಾಕು. ಇಂಗ್ಲಿಷರ ಕಾಯರ್‌ನಲ್ಲಿ ಒಂದೊಂದು ಗುಂಪಿಗೆ ಒಂದೊಂದು ಸ್ವರ. ಅದಕ್ಕೆ ಕೋಲು ಹಿಡಿದು ಮುಂದೆ ನಿಲ್ಲುವವನು ಬೇಕು, ಒಪ್ಪೋಣ. ನಮ್ಮ ಸಮೂಹಗಾನ ಸಾಮಾನ್ಯವಾಗಿ ಒಂದೇ ಮಟ್ಟು. ಇದಕ್ಕೂ ಕೋಲು ಬೇಕೇನ್ರೀ?

ಇನ್ನು ನಮ್ಮ ಸೀಮೆಯನ್ನೇ ನೋಡಿ. ಮದುವೆ ಮನೆ ಸೋಬಾನೆಯಲ್ಲಿ ಮುಂದಿನ ಅಜ್ಜಿಯರು ಎತ್ತಿಕೊಟ್ಟರೆ ಹಿಂದಿನವರು ಸೊಲ್ಲು ಹಿಡಿಯುತ್ತಾರೆ, ಯಾರೂ ಯಾರ ಕೈಯನ್ನೂ ನೋಡುವುದಿಲ್ಲ. ಶಿರಾ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಥೆಗೆ ಗಣೆ ಊದಿದರೆ ಕತ್ತಲಲ್ಲೇ ಹಾಡು ಸಾಗುತ್ತದೆ. ಪಾವಗಡದಲ್ಲಿ ಭಜನೆ ಅರ್ಧ ಕನ್ನಡ, ಅರ್ಧ ತೆಲುಗು. ತಾಳ ಮಾತ್ರ ಒಂದೇ. ಸಿದ್ಧಗಂಗೆಯಲ್ಲಿ ಸಂಜೆ ಸಾವಿರಾರು ಹುಡುಗರು ಒಟ್ಟಿಗೆ ಪ್ರಾರ್ಥನೆ ಹೇಳುವುದನ್ನು ನಮ್ಮ ಜಿಲ್ಲೆಯವರು ಕೇಳಿಯೇ ಇರುತ್ತೀರಿ. ಹಿಂದಿನ ಸಾಲಿನವನಿಗೆ ಯಾರ ಕೈ ಕಾಣುತ್ತದೆ?

ಅಂದರೆ ಹಾಡೂ ಇದೆ, ಹಾಡುವ ಗಂಟಲೂ ಇದೆ. ಇಲ್ಲದ್ದು, ಇದನ್ನೇ ಕಸುಬು ಮಾಡಿಕೊಂಡು ನಾಲ್ಕು ತಾಲ್ಲೂಕು ಸುತ್ತುವ ಒಬ್ಬ ಹುರುಪಿನ ಹುಡುಗ, ಇಲ್ಲವೇ ಹುಡುಗಿ. ಗದುಗಿನಲ್ಲಿ ಕಲಿತವರನ್ನು ಕರೆಸಿ ನಮ್ಮ ಮೇಷ್ಟ್ರುಗಳಿಗೆ ನಾಲ್ಕು ದಿನ ತಾಲೀಮು ಕೊಡಿಸಿದರೆ ಯಾರ ಗಂಟು ಹೋಗುತ್ತದೆ? ಬಿ.ಇ.ಓ. ಸಾಹೇಬರುಗಳು ಮನಸ್ಸು ಮಾಡಬೇಕು. ಶಿರಾದಲ್ಲಿ ಹೆದ್ದಾರಿಗೆ ಬಂದು ನಿಂತರೆ ಹುಬ್ಬಳ್ಳಿ ಬಸ್ಸು ಸಿಗುತ್ತದೆ, ಅಲ್ಲಿಂದ ಗದಗು ದೂರವೇನಲ್ಲ.

ಅಂದಹಾಗೆ, ಅವತ್ತಿನ ಆ ಹುಡುಗ. ತಾಲೀಮು ಮುಗಿದು ಮಕ್ಕಳೆಲ್ಲ ನೀರಿಗೆ ಓಡಿದಾಗ ಹಾಡನ್ನು ಮೊದಲಿಂದ ಕೊನೆಯವರೆಗೆ ಒಬ್ಬನೇ ಗುನುಗುತ್ತಿದ್ದ. ಎರಡನೇ ಚರಣದಲ್ಲಿ ಸಾಲಿನವರೆಲ್ಲ ತಪ್ಪಿದ್ದ ಜಾಗ ಇತ್ತಲ್ಲ, ಅಲ್ಲಿ ಅವನು ತಪ್ಪಲಿಲ್ಲ.